ಯಾವ ಉಂಡೆ, ಯಾರಿಗೆ, ಎಷ್ಟು ದಿನಕ್ಕೆ: ಮನೆಯಲ್ಲಿ ಕಟ್ಟುವ ಉಂಡೆಗಳ ಹೋಲಿಕೆ

ಶಾಲೆಯಿಂದ ಬಂದ ಮಕ್ಕಳ ಕೈಗೆ, ಸಂಜೆಯ ಕಾಫಿಯ ಜೊತೆಗೆ, ಹಾಸ್ಟೆಲಿಗೆ ಹೊರಟವರ ಚೀಲಕ್ಕೆ, ಬಾಣಂತಿಯ ಕೋಣೆಗೆ ಎಂದು ನಮ್ಮ ಮನೆಗಳಲ್ಲಿ ಡಬ್ಬಿ ತುಂಬಿಸಿಡುವ ಸಿಹಿತಿಂಡಿಗಳಲ್ಲಿ ಉಂಡೆಯಷ್ಟು ಅನುಕೂಲದ್ದು ಬೇರೆ ಇಲ್ಲವೆಂದೇ ಹೇಳಬೇಕು. ಕರಿಯುವ ಎಣ್ಣೆ ಬೇಡ, ಚಕ್ಕುಲಿ ಒರಳು ಬೇಡ, ಓವನ್ ಬೇಡ; ದಪ್ಪ ತಳದ ಒಂದು ಬಾಣಲೆ, ಒಂದು ಮಿಕ್ಸಿ ಮತ್ತು ಎರಡು ಕೈ ಇದ್ದರೆ ಸಾಕು. ಆದರೂ ಯಾವ ಉಂಡೆ ಮಾಡಬೇಕೆಂಬ ಪ್ರಶ್ನೆ ಬಂದಾಗ ಹೆಚ್ಚಿನವರು ರುಚಿಯನ್ನಷ್ಟೇ ನೆನೆದುಕೊಂಡು, ಇಲ್ಲವೇ ಅಡುಗೆಮನೆಯಲ್ಲಿ ಆ ಹೊತ್ತಿಗೆ ಏನು ಸಿಗುತ್ತದೆಂದು ನೋಡಿಕೊಂಡು ಹೊರಟುಬಿಡುತ್ತಾರೆ. ನಾಲ್ಕನೆಯ ದಿನಕ್ಕೆ ಹುಳಿವಾಸನೆ ಬಂದ ರವೆ ಉಂಡೆ, ಅಜ್ಜಿಯ ಹಲ್ಲಿಗೆ ಜಗ್ಗದ ಎಳ್ಳುಂಡೆ, ಡಬ್ಬಿ ತೆರೆಯುವಷ್ಟರಲ್ಲಿ ಪುಡಿಯಾಗಿ ಕೂತ ಬೇಸನ್ ಉಂಡೆ, ಇವೆಲ್ಲವೂ ಕೈಗುಣ ಇಲ್ಲದ್ದರಿಂದ ಆಗುವುದಕ್ಕಿಂತ ಹೊಂದದ ಉಂಡೆಯನ್ನು ಆರಿಸಿದ್ದರಿಂದಲೇ ಹೆಚ್ಚಾಗಿ ಆಗುವಂಥವು.

ಉಂಡೆಯನ್ನು ಕಟ್ಟಿ ಹಿಡಿಯುವ ವಸ್ತು ಯಾವುದೆಂದು ಮೊದಲು ನೋಡಿಕೊಂಡರೆ, ಉಳಿದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲಿಗೆ ಉತ್ತರ ತಾನಾಗಿ ಸಿಗುತ್ತದೆ. ನಮ್ಮ ಉಂಡೆಗಳನ್ನು ಹಿಡಿದಿಡುವ ದಾರಿಗಳು ಮುಖ್ಯವಾಗಿ ನಾಲ್ಕು. ಕೆಲವು ಕಾಳಿನ ಸ್ವಂತ ಎಣ್ಣೆಯಿಂದಲೇ ಕೂಡಿಕೊಳ್ಳುತ್ತವೆ. ಕೆಲವಕ್ಕೆ ತುಪ್ಪ ಬೇಕು. ಕೆಲವನ್ನು ಹಾಲು ಚಿಮುಕಿಸಿ ಕಟ್ಟುತ್ತೇವೆ. ಉಳಿದವಕ್ಕೆ ಬೆಲ್ಲದ ಇಲ್ಲವೇ ಸಕ್ಕರೆಯ ಪಾಕವೇ ಆಧಾರ. ಉಂಡೆ ಎಷ್ಟು ದಿನ ಇರುತ್ತದೆ, ಎಷ್ಟು ಗಟ್ಟಿಯಾಗುತ್ತದೆ, ಯಾರು ತಿನ್ನಬಲ್ಲರು, ಹೊಸಬರು ಮಾಡಬಹುದೋ ಇಲ್ಲವೋ ಎಂಬುದನ್ನೆಲ್ಲ ಈ ನಾಲ್ಕರಲ್ಲಿ ಯಾವುದು ಎಂಬುದೇ ತೀರ್ಮಾನಿಸುತ್ತದೆ. ತುಪ್ಪದಲ್ಲಿ ನೀರಿನ ಅಂಶ ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ ಬೂಷ್ಟು ಹಿಡಿಯಲು ಆಸ್ಪದವಿಲ್ಲ. ಹಾಲಿನಲ್ಲಿ ಬಹುಪಾಲು ನೀರೇ ಇರುವುದರಿಂದ ಹಾಲಿನ ಉಂಡೆ ಬೇಗ ಕೆಡುತ್ತದೆ. ಪಾಕದಲ್ಲಿ ಕುದಿಸಿ ನೀರನ್ನು ಹೊರಗೆ ಹಾಕಿರುತ್ತೇವೆ. ಎಷ್ಟು ಹೊರಗೆ ಹಾಕಿದೆವು ಎಂಬುದರ ಮೇಲೆ ಅದರ ಬಾಳಿಕೆಯೂ ಬಿಗುವೂ ನಿಂತಿರುತ್ತವೆ.

ಶೇಂಗಾ ಉಂಡೆ: ಕುಟ್ಟಿದ್ದೋ, ಪಾಕದ್ದೋ?

ಮೊದಲ ಬಾರಿಗೆ ಉಂಡೆ ಕಟ್ಟುವವರಿಗೆ, ಮನೆಯಲ್ಲಿ ಬೆಳೆಯುವ ಮಕ್ಕಳಿರುವವರಿಗೆ, ಒಲೆಯ ಮುಂದೆ ಹೆಚ್ಚು ಹೊತ್ತು ನಿಲ್ಲಲಾಗದವರಿಗೆ ಕುಟ್ಟಿದ ಶೇಂಗಾ ಉಂಡೆಯೇ ಮೊದಲ ಆಯ್ಕೆಯಾಗಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಕಡಲೆಕಾಯಿ ಬೀಜದ ತೂಕದಲ್ಲಿ ಸುಮಾರು ಶೇಕಡ 40ರಿಂದ 50ರಷ್ಟು ಎಣ್ಣೆ, ಹತ್ತಿರ ಹತ್ತಿರ ಕಾಲು ಭಾಗ ಪ್ರೋಟೀನ್ ಇರುತ್ತದೆ. ಹುರಿದು ಕುಟ್ಟಿದಾಗ ಆ ಎಣ್ಣೆ ಬಿಟ್ಟುಕೊಂಡು ಬೆಲ್ಲದ ಜಿಗುಟಿನೊಂದಿಗೆ ಸೇರಿ ಉಂಡೆ ತಾನಾಗಿ ನಿಲ್ಲುತ್ತದೆ. ತುಪ್ಪವನ್ನು ವಾಸನೆಗೆಂದು ಒಂದು ಚಮಚ ಹಾಕಿದರೆ ಹಾಕಬಹುದು, ಇಲ್ಲದಿದ್ದರೂ ನಡೆಯುತ್ತದೆ.

ಎರಡು ಲೋಟ ಬೀಜಕ್ಕೆ ಒಂದು ಲೋಟ ತುರಿದ ಬೆಲ್ಲ ಸಾಕು; ಬೆಲ್ಲ ತೀರ ಸಿಹಿಯಾಗಿದ್ದರೆ ಮುಕ್ಕಾಲು ಲೋಟಕ್ಕೆ ಇಳಿಸಬಹುದು. ಇಷ್ಟರಲ್ಲಿ ನಿಂಬೆಹಣ್ಣಿನ ಗಾತ್ರದ ಹದಿನಾರು ಹದಿನೆಂಟು ಉಂಡೆಗಳು ಆಗುತ್ತವೆ. ಬೀಜವನ್ನು ಸಣ್ಣ ಉರಿಯಲ್ಲಿ, ಸಿಪ್ಪೆ ಚಟಪಟನೆ ಸಿಡಿದು ಒಳಗಿನ ಬೇಳೆ ತಿಳಿಗಂದು ಬಣ್ಣಕ್ಕೆ ತಿರುಗುವವರೆಗೆ ಹುರಿಯಬೇಕು. ಉರಿ ಜೋರಾದರೆ ಮೇಲೆ ಕಪ್ಪಾಗಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ, ಆ ಹಸಿವಾಸನೆ ಎಷ್ಟು ಏಲಕ್ಕಿ ಹಾಕಿದರೂ ಹೋಗುವುದಿಲ್ಲ. ಆರಿದ ಮೇಲೆ ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ ಸಿಪ್ಪೆ ತೆಗೆಯಬೇಕು. ಮಿಕ್ಸಿಯನ್ನು ಒಂದೇ ಸಮನೆ ಓಡಿಸದೆ ಬಿಟ್ಟು ಬಿಟ್ಟು ತಿರುಗಿಸುವುದು ಇಲ್ಲಿ ಬಹಳ ಮುಖ್ಯ. ಬೀಜ ತರಿತರಿಯಾದಾಗ ಬೆಲ್ಲ ಸೇರಿಸಿ ಮತ್ತೆ ಎರಡು ಮೂರು ಸುತ್ತು ತಿರುಗಿಸಿದರೆ ಪುಡಿ ಜಾರಿನ ಗೋಡೆಗೆ ಅಂಟಿಕೊಳ್ಳತೊಡಗುತ್ತದೆ. ಒಂದು ಹಿಡಿ ತೆಗೆದು ಒತ್ತಿದಾಗ ಬೆರಳಿನ ಗುರುತು ಉಳಿದು ಅಂಗೈಗೆ ತೆಳುವಾಗಿ ಎಣ್ಣೆ ಹತ್ತಿದರೆ ಅದೇ ಹದ. ಅದನ್ನು ಮೀರಿ ಓಡಿಸಿದರೆ ಎಣ್ಣೆ ಪೂರಾ ಬಿಟ್ಟು ಮುದ್ದೆಯಾಗುತ್ತದೆ, ಆಗ ಅದು ಉಂಡೆಗೆ ಬರುವುದಿಲ್ಲ, ಬ್ರೆಡ್ಡಿಗೆ ಸವರಿಕೊಳ್ಳಬಹುದು ಅಷ್ಟೆ.

ಪಾಕದ ಶೇಂಗಾ ಉಂಡೆ ಬೇರೆಯದೇ ಜಾತಿ. ಇಡಿ ಅಥವಾ ಅರ್ಧ ಬೇಳೆಗಳನ್ನು ಗಟ್ಟಿ ಬೆಲ್ಲದ ಪಾಕದಲ್ಲಿ ಹಾಕಿ ಬಿಸಿ ಇರುವಾಗಲೇ ಕಟ್ಟುವ ಇದು ಕಟುಂ ಎನ್ನುವಷ್ಟು ಗಟ್ಟಿಯಾಗಿರುತ್ತದೆ ಮತ್ತು ಚೆನ್ನಾಗಿ ಮುಚ್ಚಿಟ್ಟರೆ ಮೂರು ವಾರ ಇರುತ್ತದೆ. ಕುಟ್ಟಿದ ಉಂಡೆ ಹತ್ತು ಹನ್ನೆರಡು ದಿನಗಳಿಗೆ ಸೂಕ್ತ. ಆಮೇಲೆ ಬಿಟ್ಟುಕೊಂಡ ಎಣ್ಣೆಗೆ ಗಾಳಿ ತಾಗಿ ಕಮಟು ವಾಸನೆ ಶುರುವಾಗುತ್ತದೆ. ಪಾಕದ ಉಂಡೆಯಲ್ಲಿ ಬೀಜ ಒಡೆದಿರುವುದಿಲ್ಲ, ಬೆಲ್ಲದ ಲೇಪ ಬೇರೆ ಇರುತ್ತದೆ, ಹಾಗಾಗಿ ಆ ತೊಂದರೆ ತಡವಾಗಿ ಬರುತ್ತದೆ. ಹಾಗೆಂದು ಅದನ್ನು ಚಿಕ್ಕ ಮಕ್ಕಳಿಗೆ ಕೊಡುವುದು ಸರಿಯಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಇಡಿ ಬೀಜ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಅವರಿಗೆ ನುಣ್ಣಗೆ ಕುಟ್ಟಿದ ಉಂಡೆಯೇ ಆಗಬೇಕು.

ಯಾವ ಬಗೆಯನ್ನು ಮಾಡಿದರೂ ಬೀಜವನ್ನು ಆರಿಸುವ ಕೆಲಸವನ್ನು ಬಿಡಬಾರದು. ಮುರುಟಿದ, ಕಪ್ಪು ಕಲೆ ಬಿದ್ದ, ಮುಗ್ಗಲು ವಾಸನೆಯ ಬೀಜಗಳಲ್ಲಿ ಅಫ್ಲಾಟಾಕ್ಸಿನ್ ಎಂಬ ಶಿಲೀಂಧ್ರದ ವಿಷ ಇರಬಹುದು, ಅದು ಹುರಿದ ಮಾತ್ರಕ್ಕೆ ಪೂರ್ತಿ ಹೋಗುವುದಿಲ್ಲ. ಒಂದು ತಟ್ಟೆ ಬೀಜವನ್ನು ಬೆಳಕಿನಲ್ಲಿ ಹರಡಿ ನೋಡುವುದಕ್ಕೆ ಐದು ನಿಮಿಷ ಸಾಕು.

ರವೆಯೋ, ಕಡಲೆಹಿಟ್ಟೋ?

ಬಂದವರ ಮುಂದೆ ತಟ್ಟೆಯಲ್ಲಿಡಲು ಹೆಚ್ಚಿನ ಮನೆಗಳು ಆರಿಸುವುದು ಈ ಎರಡರಲ್ಲಿ ಒಂದನ್ನು. ನೋಟಕ್ಕೂ ಮೃದುತ್ವಕ್ಕೂ ಎರಡೂ ಸರಿಸಮ. ಕೆಲಸ, ಖರ್ಚು ಮತ್ತು ಬಾಳಿಕೆಯಲ್ಲಿ ಮಾತ್ರ ಇವು ಒಂದಕ್ಕೊಂದು ದೂರ.

ರವೆ ಉಂಡೆಯ ದೊಡ್ಡ ಗುಣವೆಂದರೆ ಕಡಿಮೆ ತುಪ್ಪದಲ್ಲಿ, ಕಡಿಮೆ ಖರ್ಚಿನಲ್ಲಿ, ಮುಕ್ಕಾಲು ಗಂಟೆಯಲ್ಲಿ ಮುಗಿಯುವುದು. ಎರಡು ಲೋಟ ಚಿರೋಟಿ ರವೆ, ಒಂದೂವರೆ ಲೋಟ ಸಕ್ಕರೆ ಪುಡಿ, ಅರ್ಧ ಲೋಟ ಕೊಬ್ಬರಿ ತುರಿ, ಅರ್ಧ ಲೋಟದೊಳಗೆ ತುಪ್ಪ, ಜೊತೆಗೆ ಏಲಕ್ಕಿ, ದ್ರಾಕ್ಷಿ, ಗೋಡಂಬಿ ಇಷ್ಟಿದ್ದರೆ ಆಯಿತು. ಉಪ್ಪಿಟ್ಟಿನ ದಪ್ಪ ರವೆಯಲ್ಲಿ ಮಾಡಿದರೆ ಬಾಯಲ್ಲಿ ತರಿ ಉಳಿಯುತ್ತದೆ, ಅದನ್ನು ಇಷ್ಟಪಡುವವರೂ ಇದ್ದಾರೆ. ನನಗೆ ಮಾತ್ರ ಚಿರೋಟಿ ರವೆಯೇ ಸರಿ ಎನಿಸುತ್ತದೆ. ತೀರ್ಮಾನ ಮಾಡಬೇಕಾದ ಜಾಗ ಕೊನೆಯದು: ಹಾಲು ಚಿಮುಕಿಸಿ ಕಟ್ಟುವುದೋ, ಸಕ್ಕರೆಯ ಒಂದೆಳೆ ಪಾಕಕ್ಕೆ ರವೆ ಸುರಿದು ಕಟ್ಟುವುದೋ?

ಬಿಸಿ ಹಾಲನ್ನು ಚಮಚ ಚಮಚವಾಗಿ ಸೇರಿಸುತ್ತ ಕಟ್ಟುವ ಉಂಡೆ ಸುಲಭ, ಮೃದು, ರುಚಿ. ಆದರೆ ಹೊರಗಿಟ್ಟರೆ ಎರಡು ಮೂರು ದಿನಗಳಲ್ಲಿ ಮುಗಿಸಬೇಕು, ಬೇಸಗೆಯಲ್ಲಿ ಅಷ್ಟೂ ಇಲ್ಲ. ಹಸಿ ತೆಂಗಿನಕಾಯಿ ತುರಿ ಹಾಕಿದರೆ ಇನ್ನೂ ಬೇಗ. ನಾಳೆಯ ಹಬ್ಬಕ್ಕೆ ಇಂದು ಮಾಡುವುದಾದರೆ ಹಾಲಿನದೇ ಸಾಕು. ಊರಿಗೆ ಕಳಿಸುವುದಕ್ಕೆ ಮಾತ್ರ ಎಂದಿಗೂ ಹಾಲಿನ ಉಂಡೆಯನ್ನು ಆರಿಸಬಾರದು. ಪಾಕದ ರವೆ ಉಂಡೆ, ಒಣ ಕೊಬ್ಬರಿ ಹಾಕಿ ಮಾಡಿದ್ದಾದರೆ, ಹತ್ತು ದಿನ ನಿರಾತಂಕವಾಗಿ ಇರುತ್ತದೆ. ಇಲ್ಲಿ ಹದ ತಪ್ಪದಿರಲು ಒಂದು ಉಪಾಯ: ಸಕ್ಕರೆ ಮುಳುಗುವಷ್ಟು ಮಾತ್ರ ನೀರು ಹಾಕಿ ಕುದಿಸಿ, ಹೆಬ್ಬೆರಳು ತೋರುಬೆರಳಿನ ನಡುವೆ ಎಳೆದಾಗ ಒಂದು ಎಳೆ ಬಂದು ತುಂಡಾದ ತಕ್ಷಣ ಒಲೆ ಆರಿಸಬೇಕು, ರವೆ ಬೆರೆಸಿ ಮುಚ್ಚಿ ಅರ್ಧ ಗಂಟೆ ಬಿಟ್ಟರೆ ರವೆ ಪಾಕ ಕುಡಿದು ಅರಳುತ್ತದೆ. ಆಗ ತೆಳ್ಳಗೆ ಕಂಡದ್ದು ಕಟ್ಟುವ ಹದಕ್ಕೆ ಬಂದಿರುತ್ತದೆ, ಅವಸರಪಟ್ಟು ಮೇಲಿಂದ ಇನ್ನಷ್ಟು ರವೆ ಸುರಿದವರ ಉಂಡೆ ಮರುದಿನಕ್ಕೆ ಕಲ್ಲಾಗುತ್ತದೆ.

ಬೇಸನ್ ಉಂಡೆಗೆ ಪಾಕವೂ ಬೇಡ, ಹಾಲೂ ಬೇಡ, ಆದರೆ ತುಪ್ಪ ಧಾರಾಳವಾಗಿ ಬೇಕು. ಕಾಲು ಕಿಲೋ ಕಡಲೆಹಿಟ್ಟಿಗೆ 125ರಿಂದ 150 ಗ್ರಾಂ ತುಪ್ಪ, 175ರಿಂದ 200 ಗ್ರಾಂ ಸಕ್ಕರೆ ಪುಡಿ. ಜೊತೆಗೆ ತಾಳ್ಮೆಯೂ ಬೇಕು, ಏಕೆಂದರೆ ಸಣ್ಣ ಉರಿಯಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಕೈ ಬಿಡದೆ ಹುರಿಯಬೇಕು. ಮೊದಲು ಹಿಟ್ಟು ತುಪ್ಪವನ್ನೆಲ್ಲ ಹೀರಿ ಗಂಟು ಗಂಟಾಗಿ ಕೂರುತ್ತದೆ, ಸೌಟು ತಿರುಗಿಸುವುದೇ ಕಷ್ಟ. ಹತ್ತು ನಿಮಿಷ ಕಳೆದ ಮೇಲೆ ನಿಧಾನವಾಗಿ ಸಡಿಲವಾಗುತ್ತದೆ, ಬಾಣಲೆಯ ಅಂಚಿನಲ್ಲಿ ತುಪ್ಪ ಮತ್ತೆ ಮಿನುಗುತ್ತದೆ, ಸೌಟಿಗೆ ಭಾರ ಕಡಿಮೆಯಾಗುತ್ತದೆ, ಹಸಿ ಬೇಳೆಯ ವಾಸನೆ ಹೋಗಿ ಹುರಿದ ಕಡಲೆಯ ಘಮ ಏಳುತ್ತದೆ. ಬಣ್ಣ ಬದಲಾಗುವುದನ್ನು ಕಾಯುವುದಕ್ಕಿಂತ ಈ ಸಡಿಲಿಕೆಯನ್ನೂ ವಾಸನೆಯನ್ನೂ ನಂಬುವುದು ಮೇಲು. ಅರ್ಧಕ್ಕೆ ಇಳಿಸಿದ ಹಿಟ್ಟು ಅಂಗುಳಿಗೆ ಮೆತ್ತಿಕೊಳ್ಳುತ್ತದೆ, ಆ ದೋಷಕ್ಕೆ ಮದ್ದಿಲ್ಲ. ಸಕ್ಕರೆ ಪುಡಿಯನ್ನು ಬೆರಳು ತಾಳುವಷ್ಟು ಬಿಸಿ ಆರಿದ ನಂತರವೇ ಸೇರಿಸಬೇಕು. ಬಿಸಿಯಲ್ಲೇ ಹಾಕಿದರೆ ಮಿಶ್ರಣ ನೀರಾಗಿ ಹರಡುತ್ತದೆ, ಕಟ್ಟಿದ ಉಂಡೆ ತಟ್ಟೆಯ ಮೇಲೆ ಚಪ್ಪಟೆಯಾಗುತ್ತದೆ.

ಇಷ್ಟು ಶ್ರಮಕ್ಕೆ ಪ್ರತಿಯಾಗಿ ಅದು ಕೊಡುವುದು ಎರಡರಿಂದ ಮೂರು ವಾರಗಳ ಬಾಳಿಕೆ ಮತ್ತು ಬಾಯಲ್ಲಿಟ್ಟರೆ ಕರಗುವ ಗುಣ. ಹಲ್ಲಿಲ್ಲದ ಹಿರಿಯರಿಗೆ, ಹಾಸ್ಟೆಲಿನ ಹುಡುಗರಿಗೆ, ದೂರದ ಊರಿನ ಪಾರ್ಸೆಲಿಗೆ ಬೇಸನ್ ಉಂಡೆಯೇ ಸರಿಯಾದದ್ದು. ತುಪ್ಪದ ಬೆಲೆ ನೋಡಿದರೆ ದಿನನಿತ್ಯದ ಡಬ್ಬಿಗೆ ಅದು ದುಬಾರಿ, ಆ ಜಾಗ ಶೇಂಗಾ ಉಂಡೆಗೇ ಇರಲಿ.

ತಂಬಿಟ್ಟು ಮತ್ತು ಹುರಿಹಿಟ್ಟು

ಹಳೆಯ ಮೈಸೂರಿನ ಕಡೆ ಶಿವರಾತ್ರಿಗೂ ಗ್ರಾಮದೇವತೆಯ ಹಬ್ಬದ ಆರತಿಗೂ ತಂಬಿಟ್ಟು ಬೇಕೇ ಬೇಕು. ಆದರೆ ಹಬ್ಬದಾಚೆಗೆ, ಸಂಜೆಯ ತಿಂಡಿಯಾಗಿ ಅದನ್ನು ಮರೆತುಬಿಟ್ಟಿರುವುದು ನಷ್ಟವೇ ಸರಿ. ಹುರಿದ ಅಕ್ಕಿಯ ಹಿಟ್ಟು, ಅದರ ಅರ್ಧದಷ್ಟು ಹುರಿಗಡಲೆ ಪುಡಿ, ಹುರಿದ ಎಳ್ಳು, ಕಡಲೆಬೀಜದ ತರಿ, ಕೊಬ್ಬರಿ ಇವಿಷ್ಟನ್ನು ಬೆಲ್ಲದ ತೆಳು ಪಾಕದಲ್ಲಿ ಕಲಸುತ್ತಾರೆ. ಬೆಲ್ಲ ಕರಗಿ ಕುದಿದು ಬೆರಳಿಗೆ ಜಿಗುಟೆನಿಸಿದರೆ ಸಾಕು, ಎಳೆ ಬರಬೇಕೆಂಬ ನಿಯಮವಿಲ್ಲ. ಹೀಗಾಗಿ ಪಾಕದ ಭಯ ಇರುವವರು ಪಾಕವನ್ನು ಕಲಿಯಲು ತಂಬಿಟ್ಟಿನಿಂದಲೇ ಆರಂಭಿಸಬಹುದು: ಸ್ವಲ್ಪ ಮುಂಚೆ ಇಳಿಸಿದರೆ ಇನ್ನೆರಡು ಚಮಚ ಹುರಿಗಡಲೆ ಪುಡಿ ಸೇರಿಸಿ ಸರಿಪಡಿಸಬಹುದು, ಸ್ವಲ್ಪ ತಡವಾದರೆ ಒಂದು ಚಮಚ ಬಿಸಿನೀರು ಅಥವಾ ತುಪ್ಪ ಸಾಕು. ಇಷ್ಟು ಕ್ಷಮೆ ಬೇರೆ ಯಾವ ಪಾಕದ ಉಂಡೆಯಲ್ಲೂ ಇಲ್ಲ. ಸುಮಾರು ಒಂದು ವಾರ ಇರುತ್ತದೆ. ಕಾಳು, ಧಾನ್ಯ, ಎಣ್ಣೆಬೀಜ ಮೂರೂ ಒಂದೇ ಉಂಡೆಯಲ್ಲಿ ಸೇರುವುದರಿಂದ ಹೊಟ್ಟೆಗೂ ಆಧಾರವಾಗುತ್ತದೆ.

ರಾಗಿ ಹುರಿಹಿಟ್ಟಿನ ಉಂಡೆ ಇದಕ್ಕಿಂತಲೂ ಸರಳ. ತೇವ ಮಾಡಿದ ರಾಗಿಯನ್ನು ಬಿಸಿ ಮರಳಿನಲ್ಲಿ ಅರಳು ಹುರಿದು ಬೀಸಿದ ಹುರಿಹಿಟ್ಟು ಆಗಲೇ ಬೆಂದಿರುತ್ತದೆ, ಆದ್ದರಿಂದ ಒಲೆಯ ಕೆಲಸವೇ ಇಲ್ಲವೆನ್ನಬಹುದು. ಒಂದು ಲೋಟ ಹಿಟ್ಟು, ಅರ್ಧ ಲೋಟ ಬೆಲ್ಲದ ಪುಡಿ, ಎರಡು ಚಮಚ ಕೊಬ್ಬರಿ, ಎರಡು ಮೂರು ದೊಡ್ಡ ಚಮಚ ಬಿಸಿ ತುಪ್ಪ ಸೇರಿಸಿ ಒತ್ತಿದರೆ ಉಂಡೆ ಬರುತ್ತದೆ. ತುಪ್ಪ ಕಡಿಮೆ ಮಾಡಬೇಕೆಂದು ಹಾಲು ಹಾಕುವವರು ಅಂದೇ ಮಾಡಿ ಅಂದೇ ತಿನ್ನಬೇಕು. ಅಂಗಡಿಯ ಮಾಮೂಲಿ ರಾಗಿ ಹಿಟ್ಟಿನಲ್ಲಿ ಮಾಡುವುದಾದರೆ ತುಪ್ಪದಲ್ಲಿ ಹತ್ತು ಹದಿನೈದು ನಿಮಿಷ ಹುರಿಯದೆ ಗತ್ಯಂತರವಿಲ್ಲ, ಹಾಗೆ ಹುರಿದರೂ ಹುರಿಹಿಟ್ಟಿನ ಹಗುರ ಅದಕ್ಕೆ ಬರುವುದಿಲ್ಲ.

ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಇತರ ಧಾನ್ಯಗಳಿಗೆ ಹೋಲಿಸಿದರೆ ಬಹಳ ಹೆಚ್ಚು. ಒಂದು ಉಂಡೆಯಲ್ಲಿ ಹದಿನೈದು ಗ್ರಾಂ ಹಿಟ್ಟು ಇದೆಯೆಂದುಕೊಂಡರೂ ಅದರಿಂದ ಬರುವುದು ಐವತ್ತು ಮಿಲಿಗ್ರಾಂನಷ್ಟು ಮಾತ್ರ. ಆದ್ದರಿಂದ ಉಂಡೆ ತಿಂದರೆ ಹಾಲು ಬೇಡವೆಂಬ ಲೆಕ್ಕಾಚಾರ ನಿಲ್ಲುವುದಿಲ್ಲ.

ಗಟ್ಟಿ ಪಾಕದ ಉಂಡೆಗಳು

ಎಳ್ಳುಂಡೆ ಮತ್ತು ಪುರಿ ಉಂಡೆ ಎರಡೂ ಬೇಡುವುದು ಗಟ್ಟಿ ಪಾಕವನ್ನು. ದಾವಣಗೆರೆಯ ಕಡೆ ಮಂಡಕ್ಕಿ ಉಂಡೆ, ಧಾರವಾಡದ ಕಡೆ ಚುರುಮುರಿ ಉಂಡಿ ಎಂದರೂ ಪುರಿ ಉಂಡೆಯೇ. ಪಾಕದ ಪರೀಕ್ಷೆಗೆ ಒಲೆಯ ಪಕ್ಕದಲ್ಲಿ ತಣ್ಣೀರಿನ ತಟ್ಟೆ ಇಟ್ಟುಕೊಳ್ಳಬೇಕು. ಕುದಿಯುತ್ತಿರುವ ಬೆಲ್ಲದ ಒಂದು ತೊಟ್ಟನ್ನು ಅದರಲ್ಲಿ ಬಿಟ್ಟಾಗ ಮೊದಮೊದಲು ಕರಗಿ ಹೋಗುತ್ತದೆ. ಆಮೇಲೆ ಕರಗದೆ ತಳದಲ್ಲಿ ಹರಡಿ ನಿಲ್ಲುತ್ತದೆ. ಮತ್ತೂ ಕುದಿಸಿದರೆ ಬೆರಳಿನಿಂದ ಒಟ್ಟು ಮಾಡಿದಾಗ ಮೆತ್ತನೆಯ ಉಂಡೆಯಾಗುತ್ತದೆ. ಥರ್ಮಾಮೀಟರ್ ಇದ್ದವರಿಗೆ ಇದು 112ರಿಂದ 116 ಡಿಗ್ರಿ ಸೆಲ್ಸಿಯಸ್. ಎಳ್ಳಿಗೆ ಇದರಿಂದ ತುಸು ಮುಂದೆ ಹೋದರೆ ಸಾಕು. ಪುರಿಗೆ ಇನ್ನೂ ಮುಂದೆ, ಆ ಉಂಡೆಯನ್ನು ತಟ್ಟೆಗೆ ಎಸೆದರೆ ಟಣ್ಣೆಂದು ಸದ್ದಾಗುವ ಹಂತದ ಹತ್ತಿರಕ್ಕೆ, 121 ಡಿಗ್ರಿಯನ್ನು ದಾಟಿ ಹೋಗಬೇಕು. ಇಲ್ಲದಿದ್ದರೆ ಪಾಕದ ತೇವವನ್ನು ಪುರಿ ಹೀರಿ ಸಂಜೆಯೊಳಗೆ ಮೆತ್ತಗಾಗುತ್ತದೆ. ಈ ಹಂತಗಳ ನಡುವೆ ಇರುವ ಅಂತರ ಒಂದೆರಡು ನಿಮಿಷದ್ದು, ಫೋನು ಬಂದರೂ ಎದ್ದು ಹೋಗುವಂತಿಲ್ಲ. ಕಟ್ಟುವುದೂ ಕೈ ಸುಡುವ ಬಿಸಿಯಲ್ಲೇ, ಅಂಗೈಗೆ ತುಪ್ಪವನ್ನೋ ತಣ್ಣೀರನ್ನೋ ಸವರಿಕೊಂಡು, ಇಬ್ಬರು ಕೂತು ಕಟ್ಟಿದರೆ ಮಾತ್ರ ಬಾಣಲೆಯಲ್ಲಿ ಉಳಿದದ್ದು ಗಟ್ಟಿಯಾಗುವ ಮುನ್ನ ಮುಗಿಯುತ್ತದೆ. ಆದ್ದರಿಂದ ಒಬ್ಬರೇ ಇರುವ ಮನೆಯಲ್ಲಿ, ಕಾಲ ಬಳಿ ಮಗು ಓಡಾಡುತ್ತಿರುವಾಗ, ಇವನ್ನು ಆರಿಸಿಕೊಳ್ಳುವುದು ಜಾಣತನವಲ್ಲ.

ಎಳ್ಳುಂಡೆ ಆ ಶ್ರಮಕ್ಕೆ ತಕ್ಕದ್ದು. ಸಿಪ್ಪೆ ಸಹಿತ ಎಳ್ಳಿನಲ್ಲಿ ಕ್ಯಾಲ್ಸಿಯಂ ರಾಗಿಗಿಂತಲೂ ಹಲವು ಪಟ್ಟು ಹೆಚ್ಚು, ಆದರೆ ಅದೇ ಸಿಪ್ಪೆಯಲ್ಲಿರುವ ಆಕ್ಸಲೇಟ್ ಅದರ ಒಂದು ಭಾಗವನ್ನು ಮೈಗೆ ಸೇರಗೊಡುವುದಿಲ್ಲ. ಪಾಕ ಬೇಡವೆನ್ನುವವರು ಎಳ್ಳನ್ನೂ ಶೇಂಗಾದಂತೆಯೇ ಹುರಿದು ಬೆಲ್ಲದೊಡನೆ ಕುಟ್ಟಿ ಉಂಡೆ ಮಾಡಬಹುದು, ಹಿರಿಯರಿಗೆ ಅದೇ ಒಳ್ಳೆಯದು. ಉತ್ತರ ಕರ್ನಾಟಕದಲ್ಲಿ ನಾಗರ ಪಂಚಮಿಗೆ ಐದಾರು ಬಗೆಯ ಉಂಡಿಗಳನ್ನು ಸಾಲಾಗಿ ಕಟ್ಟುವ ಮನೆಗಳಲ್ಲಿ ಈ ಎರಡೂ ಬಗೆಯನ್ನು ಕಾಣಬಹುದು.

ಪುರಿ ಉಂಡೆಯ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ಇದೆ. ಹಗುರವಾಗಿದೆ, ಎಣ್ಣೆ ಇಲ್ಲ, ಆದ್ದರಿಂದ ಎಷ್ಟು ತಿಂದರೂ ಚಿಂತೆಯಿಲ್ಲ ಎನ್ನುತ್ತಾರೆ. ನಾಲ್ಕು ಲೋಟ ಪುರಿ ತೂಗಿದರೆ 60 ಗ್ರಾಂ ಸುತ್ತಮುತ್ತ ಬರುತ್ತದೆ. ಅದನ್ನು ಹಿಡಿದಿಡಲು ಬೇಕಾಗುವ ಅರ್ಧ ಲೋಟ ಬೆಲ್ಲ ನೂರು ಗ್ರಾಂ ಹತ್ತಿರ. ಎಂದರೆ ಉಂಡೆಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಬೆಲ್ಲವೇ. ಅಗ್ಗವೆಂಬುದು ನಿಜ, ಮಕ್ಕಳಿಗೆ ಖುಷಿಯೆಂಬುದೂ ನಿಜ. ಹೊಟ್ಟೆಗೆ ಆಧಾರವಾಗುವ ತಿಂಡಿಯೆಂದು ಮಾತ್ರ ಎಣಿಸಬಾರದು. ಮಲೆನಾಡಿನ ಮಳೆಗಾಲದಲ್ಲಿ, ಕರಾವಳಿಯ ತೇವದಲ್ಲಿ ಗಾಳಿಯಾಡದ ಡಬ್ಬಿಯೂ ಇದನ್ನು ಬಹಳ ದಿನ ಕಾಪಾಡುವುದಿಲ್ಲ.

ಅಂಟಿನುಂಡೆ ಯಾರಿಗೆ?

ಗೋಕಾಕ ಮತ್ತು ಅಮೀನಗಡದ ಕರದಂಟಿನ ರುಚಿ ಬಲ್ಲವರಿಗೆ ಅಂಟಿನುಂಡೆಯ ಪರಿಚಯ ಬೇಕಿಲ್ಲ. ಜಾಲಿಯ ಜಾತಿಯ ಮರಗಳಿಂದ ಬರುವ ಅಂಟನ್ನು ತುಪ್ಪದಲ್ಲಿ ಕರಿದು, ಕೊಬ್ಬರಿ, ಉತ್ತತ್ತಿ, ಬಾದಾಮಿ, ಗೋಡಂಬಿ, ಗಸಗಸೆ, ಏಲಕ್ಕಿ, ಜಾಜಿಕಾಯಿಗಳೊಂದಿಗೆ ಬೆಲ್ಲದಲ್ಲಿ ಕಟ್ಟುವ ಇದು ಎಲ್ಲ ಉಂಡೆಗಳಲ್ಲಿ ಹೆಚ್ಚು ಖರ್ಚಿನದು, ಹೆಚ್ಚು ದಿನ ಇರುವಂಥದ್ದು. ಒಂದು ತಿಂಗಳವರೆಗೂ ಕೆಡುವುದಿಲ್ಲ. ಕೆಲಸದಲ್ಲಿ ಕಠಿಣವಾದದ್ದು ಅಂಟು ಕರಿಯುವುದೊಂದೇ. ದೊಡ್ಡ ಹರಳುಗಳನ್ನು ಕಡಲೆಕಾಳಿನ ಗಾತ್ರಕ್ಕೆ ಒಡೆದು, ಒಂದು ಸಲಕ್ಕೆ ಒಂದು ಚಮಚದಷ್ಟನ್ನೇ ಹಾಕಿ, ಪೂರ್ತಿ ಅರಳಿ ಬೆಳ್ಳಗಾಗುವವರೆಗೆ ಕರಿಯಬೇಕು. ಒಂದನ್ನು ಬೆರಳಿನಿಂದ ಒತ್ತಿದಾಗ ಪುಡಿಯಾಗಬೇಕು. ನಡುವೆ ಗಾಜಿನಂಥ ಚೂರು ಉಳಿದರೆ ಅದು ಹಲ್ಲಿಗೆ ಅಂಟಿ ಪ್ರಾಣ ತಿನ್ನುತ್ತದೆ.

ಬಾಣಂತಿಯರಿಗೆ ಕೊಡುವ ರೂಢಿ ಹಳೆಯದು, ದಿನಕ್ಕೊಂದು ಕೊಟ್ಟರೆ ತಪ್ಪೇನಿಲ್ಲ. ಹೊಲದಲ್ಲಿ ದುಡಿಯುತ್ತಿದ್ದ ಕಾಲದ ಅಳತೆಯಲ್ಲಿ ದಿನಕ್ಕೆ ಮೂರು ನಾಲ್ಕು ತಿನ್ನಿಸುವುದು ಮಾತ್ರ ಈಗಿನ ಜೀವನಕ್ಕೆ ಹೊಂದುವುದಿಲ್ಲ. ಬಸುರಿನಲ್ಲಿ ಸಕ್ಕರೆ ಅಂಶ ಏರಿದ್ದವರಿದ್ದರೆ ವೈದ್ಯರನ್ನು ಕೇಳಿಯೇ ಕೊಡಬೇಕು.

ಬೆಲ್ಲ, ಸಕ್ಕರೆ, ಖರ್ಜೂರ

ಬೆಲ್ಲದ ಉಂಡೆ ಮಧುಮೇಹಿಗಳಿಗೆ ನಡೆಯುತ್ತದೆ ಎಂಬ ಮಾತು ಸರಿಯಲ್ಲ. ಬೆಲ್ಲದ ಬಹುಭಾಗ ಸಕ್ಕರೆಯೇ. ಕಬ್ಬಿಣ ಮುಂತಾದ ಲವಣಗಳು ಇದ್ದರೂ ಪ್ರಮಾಣ ಸಣ್ಣದು. ಖರ್ಜೂರದ ಉಂಡೆಯನ್ನು ಸಕ್ಕರೆರಹಿತ ಎಂದು ಕರೆಯುತ್ತಾರೆ. ಹೊರಗಿನಿಂದ ಹಾಕಿಲ್ಲ ಎಂಬ ಅರ್ಥದಲ್ಲಿ ಸರಿ, ಆದರೆ ಖರ್ಜೂರದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಅದರದೇ ಸಕ್ಕರೆ. ನಾರು ಇದೆ ಎಂಬುದು ಅದರ ಹೆಚ್ಚುಗಾರಿಕೆ. ಆಹಾರಕ್ಕೆ ಸೇರಿಸುವ ಸಕ್ಕರೆಯ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯಂತೆ, ಅದು ದಿನದ ಒಟ್ಟು ಶಕ್ತಿಯ ಶೇಕಡ 10ಕ್ಕಿಂತ ಕಡಿಮೆ ಇರಬೇಕು. ಶೇಕಡ 5ಕ್ಕೆ, ಎಂದರೆ ಸುಮಾರು 25 ಗ್ರಾಂಗೆ, ಇಳಿಸಿದರೆ ಮತ್ತೂ ಒಳ್ಳೆಯದು. ಮೇಲಿನ ಅಳತೆಯ ಶೇಂಗಾ ಉಂಡೆಯೊಂದರಲ್ಲಿ ಹತ್ತು ಗ್ರಾಂ ಬೆಲ್ಲ ಇರುತ್ತದೆ, ಬೇಸನ್ ಉಂಡೆಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಎರಡು ಉಂಡೆ, ಎರಡು ಲೋಟ ಕಾಫಿಗೆ ಆ ಮಿತಿ ಮುಗಿಯಿತು. ಆದ್ದರಿಂದ ಯಾವ ಸಿಹಿ ಎಂದು ಚರ್ಚಿಸುವುದಕ್ಕಿಂತ ಉಂಡೆಯ ಗಾತ್ರವನ್ನು ಚಿಕ್ಕದು ಮಾಡುವುದು ಹೆಚ್ಚು ಪ್ರಯೋಜನಕಾರಿ.

ಬೆಲ್ಲದ ಆಯ್ಕೆಯೂ ಉಂಡೆಯ ಬಗೆಯನ್ನು ಅವಲಂಬಿಸಿದೆ. ಕುಟ್ಟುವ ಉಂಡೆಗೆ ಮೆತ್ತನೆಯ, ಗಾಢ ಬಣ್ಣದ ಬೆಲ್ಲ ಚೆನ್ನಾಗಿ ಕೂಡಿಕೊಳ್ಳುತ್ತದೆ. ಪಾಕಕ್ಕೆ ಗಟ್ಟಿಯಾದ, ಒಡೆದರೆ ಹರಳು ಹರಳಾಗಿ ಕಾಣುವ ಬೆಲ್ಲವೇ ಬೇಕು. ನೀರೊಡೆದ, ಉಪ್ಪಿನ ರುಚಿಯ ಬೆಲ್ಲವನ್ನು ಎಷ್ಟು ಕುದಿಸಿದರೂ ಪಾಕ ನಿಲ್ಲದೆ ಅಂಟಂಟಾಗಿಯೇ ಉಳಿಯುತ್ತದೆ. ಮಂಡ್ಯದ ಅಚ್ಚು ಬೆಲ್ಲವೋ, ಮಹಾಲಿಂಗಪುರದ ಬೆಲ್ಲವೋ ಎಂಬುದಕ್ಕಿಂತ ಅಂಗಡಿಯವರನ್ನು ಪಾಕಕ್ಕೆ ಬರುತ್ತದೆಯೇ ಎಂದು ಕೇಳಿ ತರುವುದು ಮುಖ್ಯ. ತೀರ ಹಳದಿಯಾಗಿ ಹೊಳೆಯುವ ಬೆಲ್ಲವನ್ನು ಬಣ್ಣಕ್ಕೆ ಮರುಳಾಗಿ ಕೊಳ್ಳಬಾರದು, ಬಿಳುಪು ಬರಿಸಲು ರಾಸಾಯನಿಕ ಹಾಕಿರುವ ಸಾಧ್ಯತೆ ಅದರಲ್ಲಿ ಹೆಚ್ಚು. ಪಾಕ ಮಾಡುವಾಗ ಕರಗಿಸಿ ಸೋಸಿಕೊಳ್ಳಲು ಅವಕಾಶವಿದೆ, ಕುಟ್ಟುವ ಉಂಡೆಯಲ್ಲಿ ಅದಿಲ್ಲ. ಹಾಗಾಗಿ ಅದಕ್ಕೆ ಕಲ್ಲು ಕಸವಿಲ್ಲದ ಶುಚಿಯಾದ ಬೆಲ್ಲವನ್ನೇ ಮೀಸಲಿಡಬೇಕು.

ಆಯ್ಕೆ ಮತ್ತು ಡಬ್ಬಿ

ದಿನನಿತ್ಯದ ಶಾಲೆಯ ಡಬ್ಬಿಗೆ ಕುಟ್ಟಿದ ಶೇಂಗಾ ಉಂಡೆ. ಶಾಲೆಯಲ್ಲಿ ಕಡಲೆಬೀಜದ ಅಲರ್ಜಿ ಇರುವ ಮಕ್ಕಳಿದ್ದು ತರಬಾರದೆಂದಿದ್ದರೆ ಹುರಿಹಿಟ್ಟಿನದು. ಹೊರದೇಶಗಳ ಹಲವು ಶಾಲೆಗಳಲ್ಲಿ ಈ ನಿಯಮವಿದೆ, ಅಲ್ಲಿನ ಕನ್ನಡದ ತಾಯಂದಿರು ಇದನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳಿತು. ಹಲ್ಲು ಸಡಿಲವಾದವರಿಗೆ ಬೇಸನ್ ಅಥವಾ ಹಾಲಿನ ರವೆ ಉಂಡೆ. ನಾಳೆ ಬೆಳಿಗ್ಗೆ ನೆಂಟರು ಬರುತ್ತಾರೆ, ಕೈಯಲ್ಲಿ ಒಂದೇ ಗಂಟೆ ಇದೆ ಎಂದರೆ ಹಾಲಿನ ರವೆ ಉಂಡೆಗೆ ಸಮನಾದದ್ದಿಲ್ಲ. ಮನೆತುಂಬ ಜನ ಸೇರಿದಾಗ, ಕಟ್ಟಲು ಕೈಗಳು ಬೇಕಾದಷ್ಟಿದ್ದಾಗ ಮಾತ್ರ ಪಾಕದ ಎಳ್ಳುಂಡೆಗೆ ಕೈ ಹಾಕಬಹುದು. ಎಷ್ಟು ಒತ್ತಿದರೂ ಉಂಡೆ ನಿಲ್ಲದೆ ಪುಡಿಯಾಗುತ್ತಿದ್ದರೆ ತುಪ್ಪದ ಮೇಲೆ ತುಪ್ಪ ಸುರಿಯುವ ಬದಲು ಪಂಚಕಜ್ಜಾಯದ ಹಾಗೆ ಪುಡಿಯಾಗಿಯೇ ಬಟ್ಟಲಿಗೆ ಹಾಕಿ ಕೊಟ್ಟುಬಿಡಬಹುದು, ತಿನ್ನುವವರು ಯಾರೂ ದೂರುವುದಿಲ್ಲ.

ಯಾವುದನ್ನು ಮಾಡಿದರೂ ಪೂರ್ತಿ ಆರುವ ಮುನ್ನ ಮುಚ್ಚಳ ಹಾಕಬಾರದು. ಒಳಗಿನ ಬಿಸಿ ಹಬೆಯಾಗಿ ಮುಚ್ಚಳಕ್ಕೆ ಹತ್ತಿ ಮತ್ತೆ ಉಂಡೆಯ ಮೇಲೆಯೇ ತೊಟ್ಟಿಕ್ಕುತ್ತದೆ, ಬೂಷ್ಟು ಆರಂಭವಾಗುವುದು ಅಲ್ಲಿಂದಲೇ. ಸ್ಟೀಲಿನ ಇಲ್ಲವೇ ಗಾಜಿನ ಒಣ ಡಬ್ಬಿ, ಒಣಗಿದ ಕೈ ಇಷ್ಟಿದ್ದರೆ ಸಾಕು. ಹಾಲಿನ ಉಂಡೆಯನ್ನು ಬಿಟ್ಟು ಬೇರಾವುದಕ್ಕೂ ಫ್ರಿಜ್ ಬೇಕಿಲ್ಲ. ಚಳಿ ದೇಶಗಳಲ್ಲಿ ತುಪ್ಪ ಹೆಪ್ಪುಗಟ್ಟಿ ಬೇಸನ್ ಉಂಡೆ ಗಟ್ಟಿಯಾಗುತ್ತದೆ, ಅದು ಕೆಟ್ಟಿದ್ದರ ಗುರುತಲ್ಲ. ತಿನ್ನುವುದಕ್ಕೆ ಅರ್ಧ ಗಂಟೆ ಮೊದಲು ಬೆಚ್ಚಗಿನ ಜಾಗದಲ್ಲಿಟ್ಟರೆ ಮತ್ತೆ ಮೆತ್ತಗಾಗುತ್ತದೆ.